ಮಲಕಾಜಪ್ಪ ನನ್ನನ್ನು ಮಲಗಿಸಿ ಅಳೆದದ್ದು

ನಿಡೋಣಿಯ ಮಲಕಾಜಪ್ಪನ ಕತೆ ಹೇಳಬೇಕಾದರೆ ನನ್ನ ದಡ್ಡತನದಿಂದ ಶುರು ಮಾಡಬೇಕಾಗುತ್ತದೆ. ಅದಿಲ್ಲದಿದ್ದರೆ ಆತನ ಪರಿಚಯವೇ ನನಗೆ ಆಗುತ್ತಿರಲಿಲ್ಲ.

ಎಪ್ಪತ್ತೇಳನೆಯ ಇಸವಿ. ನಾನು ಬಿಜಾಪುರದ ಒಂದು ಸರಕಾರಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಟ್ರೇಸರ್ ಅಂದರೆ ಕೆಳಗೊಂದು ನಕ್ಷೆ ಇಟ್ಟು, ಅದರ ಮೇಲೆ ತೆಳ್ಳನೆಯ ಹಾಳೆ ಹಾಸಿ, ಕೆಳಗೆ ಕಂಡದ್ದನ್ನೆಲ್ಲ ಮೇಲೆ ಎಳೆಯುವವನು. ಯೋಚನೆ ಮಾಡುವ ಅಧಿಕಾರ ಆ ಹುದ್ದೆಗೆ ಇರಲಿಲ್ಲ, ನನಗೂ ಅದರ ಕೊರತೆ ಯಾವತ್ತೂ ಕಾಡಿರಲಿಲ್ಲ. ಹುದ್ದೆ ಟೆಂಪರರಿ. ಆರು ತಿಂಗಳಿಗೊಮ್ಮೆ ನನ್ನನ್ನು ಒಂದು ದಿನದ ಮಟ್ಟಿಗೆ ಕೆಲಸದಿಂದ ತೆಗೆದು, ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಆ ಒಂದು ದಿನ ಜೋರಾಪುರ ಪೇಟೆಯ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ದೇಶದ ನಿರುದ್ಯೋಗ ಸಮಸ್ಯೆಯ ಬಗ್ಗೆ ಚಿಂತಿಸುತ್ತಿದ್ದೆ. ಮನೆಯ ಒಡತಿ ಕಾಶೀಬಾಯಿ ಬಾಗಿಲಲ್ಲಿ ಇಣುಕಿ, "ಏನೋ ಪ್ರಲ್ಹಾದಾ, ಇವತ್ತ ತಗದಾರೇನು? ಛಲೋ ಆತು, ಈ ಜೋಳದ ಡಬ್ಬಿ ಗಿರಣಿಗೆ ಒಯ್ದ ಬಾ" ಎನ್ನುತ್ತಿದ್ದಳು.

ಇಂಥ ದಿನಗಳಲ್ಲಿ ಒಂದು ಕಾಗದ ಬಂತು. ದಿಲ್ಲಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಶಾಖೆ ಒಡೆದಿದ್ದ ಯುವ ಪಾದಚಾರಿ ಮಂಡಳಿ ಎಂಬ ಸಂಸ್ಥೆ ಅದನ್ನು ಕಳಿಸಿತ್ತು. ಕಾಲೇಜಿನ ಹುಡುಗರು ದೇಶವನ್ನು ನಡೆದು ನೋಡಬೇಕಂತೆ. ಅವರು ದಣಿದಾಗ ತಂಗಲು ಜನವಸತಿ ಇಲ್ಲದ ಜಾಗಗಳಲ್ಲೆಲ್ಲ ತಂಗುದಾಣ ಕಟ್ಟಬೇಕಂತೆ. ನಮ್ಮ ಜಿಲ್ಲೆಯ ಪಾಲಿಗೆ ಬಂದದ್ದು ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವ ಕಾಲುದಾರಿಯ ನಡುವಿನ ಮಡ್ಡಿ. ಕಲ್ಲು, ಜಾಲಿಕಂಟಿ ಮತ್ತು ಬಿಸಿಲು ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ಕಟ್ಟಡವು "ನಿಸರ್ಗಕ್ಕೆ ಹೊಂದಿಕೊಂಡು, ಕಡಿಮೆ ದುರಸ್ತಿಯಲ್ಲಿ, ಬಹುಕಾಲ ಬಾಳತಕ್ಕದ್ದು" ಎಂದು ಕಾಗದದಲ್ಲಿತ್ತು. ಜೊತೆಗೊಂದು ಮಾದರಿ ನಕ್ಷೆಯೂ ಇತ್ತು.

ಆ ನಕ್ಷೆ ಯಾವುದೋ ಚಳಿಗುಡ್ಡದ ನಾಡಿನಿಂದ ಬಂದದ್ದು. ಹಿಮ ಜಾರಲೆಂದು ಕಡಿದಾದ ತಗಡಿನ ಚಾವಣಿ. ಬಿಸಿಲು ಒಳಗೆ ಬರಲೆಂದು ದಕ್ಷಿಣಕ್ಕೂ ಪಶ್ಚಿಮಕ್ಕೂ ದೊಡ್ಡ ದೊಡ್ಡ ಗಾಜಿನ ಕಿಟಕಿ. ಚಳಿ ಕಾಯಿಸಲು ಗೋಡೆಯಲ್ಲೊಂದು ಒಲೆ, ಅದರ ಮೇಲೆ ಹೊಗೆ ಹೋಗುವ ಚಿಮಣಿ. ನಾನು ಎಲ್ಲವನ್ನೂ ಶ್ರದ್ಧೆಯಿಂದ ಟ್ರೇಸ್ ಮಾಡಿದೆ. ಮೂಲ ನಕ್ಷೆಯ ಮೂಲೆಯಲ್ಲಿ ಒಂದು ನೊಣ ಸತ್ತು ಅಂಟಿಕೊಂಡಿತ್ತು. ಅದನ್ನು ಬಿಟ್ಟುಬಿಟ್ಟೆ. ಅದು ನನ್ನ ನೌಕರಿಯ ಮೊದಲ ಸ್ವತಂತ್ರ ವಿಚಾರ.

ನಮ್ಮ ಇಂಜಿನಿಯರ್ ರಾಮಚಂದ್ರ ಸಾಹೇಬರು ನಕ್ಷೆಯನ್ನು ಒಮ್ಮೆ ಹಿಂದು ಮುಂದು ತಿರುಗಿಸಿ, "ಮ್ಯಾಲಿಂದ ಬಂದದ್ದು, ನಾವ್ಯಾಕ ಕೈ ಹಾಕಬೇಕು?" ಎಂದು ಸಹಿ ಮಾಡಿದರು. ಆಮೇಲೆ ನನ್ನತ್ತ ನೋಡಿ, "ನೀನ ಹೋಗಿ ಕೆಲಸಾ ನೋಡಿಕೋ. ಫೈಲ್ ಸುಸೂತ್ರ ಮುಗೀತಂದ್ರ ನಿನ್ನ ಖಾಯಂ ಮಾಡಲಿಕ್ಕೆ ಬರೀತೀನಿ" ಎಂದರು.

ಹೀಗೆ ನಾನು ಮಡ್ಡಿಗೆ ಹೋದೆ. ಕಟ್ಟುವ ಕೆಲಸ ಹಿಡಿದಿದ್ದ ಗೌಂಡಿಯೇ ಮಲಕಾಜಪ್ಪ.

ಆಗ ಆತನಿಗೆ ಅರವತ್ತರ ಹತ್ತಿರ. ಸುತ್ತಲ ಊರುಗಳಲ್ಲಿ ಮಣ್ಣಿನ ಮಾಳಿಗೆ, ಅಂದರೆ ಸಪಾಟು ಚಾವಣಿ, ಹಾಕುವುದರಲ್ಲಿ ಅವನದೇ ಕೊನೆಯ ಮಾತು. ಅರಕೇರಿಯಿಂದ ಬಬಲೇಶ್ವರದವರೆಗೆ ಅವನು ಹಾಕಿದ ಮಾಳಿಗೆ ಸೋರಿದ್ದಿಲ್ಲ ಎಂದು ಜನ ಹೇಳುತ್ತಿದ್ದರು. ಮೊದಲ ಮಳೆ ಬಿದ್ದ ದಿನ ಮಲಕಾಜಪ್ಪ ತಾನು ಹೊಸದಾಗಿ ಕಟ್ಟಿದ ಮನೆಗೆ ಹೇಳದೆ ಕೇಳದೆ ನುಗ್ಗಿ, ನಡುಮನೆಯಲ್ಲಿ ಮುಖ ಮೇಲೆ ಮಾಡಿ ಅರ್ಧ ತಾಸು ನಿಲ್ಲುತ್ತಿದ್ದ. ಮನೆಯವರು ಚಹಾ ಕೊಟ್ಟರೆ ಕತ್ತು ಇಳಿಸದೆಯೇ ಕುಡಿಯುತ್ತಿದ್ದ.

ಅವನ ಕೆಲಸದ ಪದ್ಧತಿ ಬೇರೆ. ಪಾಯ ಗುರುತು ಮಾಡುವ ಮೊದಲು, "ಇದರಾಗ ಯಾರು ಮಲಗವರು?" ಎಂದು ಕೇಳುತ್ತಿದ್ದ. ಆ ಮನುಷ್ಯನನ್ನು ಬರಿ ನೆಲದ ಮೇಲೆ ಮಲಗಿಸಿ, ಸುತ್ತ ಕೋಲಿನಿಂದ ಗೀರು ಎಳೆದು, ತಲೆಯ ಕಡೆ ಒಂದು ಗೇಣು, ಕಾಲ ಕಡೆ ಒಂದು ಗೇಣು ಬಿಟ್ಟು ಅಲ್ಲಿ ಗೋಡೆ ಎಂದು ನಿರ್ಧರಿಸುತ್ತಿದ್ದ. ಅಡುಗೆಮನೆಯಾದರೆ ಅಡುಗೆ ಮಾಡುವವಳು ಒಲೆಯ ಜಾಗದಲ್ಲಿ ಕೂತು ಕೈ ಚಾಚಬೇಕು. ನಿಡೋಣಿಯ ದೊಡ್ಡ ಕುಳ ರೇವಪ್ಪಗೌಡರು ಇಪ್ಪತ್ತು ಮೊಳದ ಪಡಸಾಲೆ ಬೇಕು ಎಂದಾಗ ಅವರನ್ನೂ ಧೂಳಿನಲ್ಲಿ ಮಲಗಿಸಿ ಗೀರು ಎಳೆದು, "ನಿಮಗ ಇಷ್ಟ ಸಾಕಾಗ್ತೈತ್ರಿ ಗೌಡ್ರ. ಉಳದದ್ದು ಯಾರಿಗೆ?" ಎಂದು ಕೇಳಿದ್ದನಂತೆ. ಗೌಡರು ಎದ್ದು ಧೋತರ ಝಾಡಿಸಿಕೊಂಡು ಹತ್ತು ಮೊಳಕ್ಕೆ ಇಳಿದರಂತೆ.

ನಾನು ನಕ್ಷೆ ಬಿಚ್ಚುವ ಮೊದಲೇ ಮಲಕಾಜಪ್ಪ ಕೇಳಿದ. "ರಾಯರ, ಇಲ್ಲಿ ಯಾರು ಮಲಗವರು?"

"ನಡಕೊಂಡ ಬರೋರು."

"ಬಸ್ ತಪ್ಪಿದವರೇನ್ರಿ?"

"ಅಲ್ಲೋ. ಬಸ್ಸಿನ ರೊಕ್ಕಾ ಇದ್ದೂ ನಡಿಯೋರು."

"ಹಂಗಾರ ಹರಕಿ ಹೊತ್ತಾರ."

"ಹರಕಿನೂ ಇಲ್ಲ."

"ಎಮ್ಮಿ ಕಳಕೊಂಡಾರೇನು?"

"ಏನೂ ಕಳಕೊಂಡಿಲ್ಲ ಮಲಕಾಜಪ್ಪ. ಸುಮ್ಮನ ನಡೀತಾರ. ಖುಷಿಗೆ."

ಮಲಕಾಜಪ್ಪ ಗೀರು ಎಳೆಯುವ ಕೋಲನ್ನು ಕೆಳಗಿಟ್ಟ. ಆಮೇಲೆ ಮೆಲ್ಲಗೆ, "ಅವರ ಮನ್ಯಾಗ ಹಿರ್ಯಾರು ಇಲ್ಲೇನ್ರಿ, ಹೇಳಾಕ?" ಎಂದ.

ನಕ್ಷೆ ನೋಡುವಾಗ ಅವನ ಬೆರಳು ಒಲೆಯ ಮೇಲೆ ನಿಂತಿತು. "ಇದೇನ್ರಿ?"

"ಒಲಿ. ಚಳಿ ಕಾಸಿಕೊಳ್ಳಲಿಕ್ಕೆ."

ಅವನು ಮಡ್ಡಿಯನ್ನು ಒಂದು ಸುತ್ತು ನೋಡಿದ. ಬೇಸಗೆಯಲ್ಲಿ ಇಲ್ಲಿ ಓತಿಕ್ಯಾತ ಕೂಡ ಒಂದೊಂದೇ ಕಾಲು ಎತ್ತಿ ಎತ್ತಿ ಇಡುತ್ತದೆ. "ಚಳಿಜ್ವರ ಬಂದವರಿಗೆ ದವಾಖಾನಿ ಬೇಕಲ್ರಿ ರಾಯರ, ಒಲಿ ಏನ್ಮಾಡ್ತೈತಿ?"

"ಮ್ಯಾಲಿಂದ ಬಂದದ್ದು" ಎಂದೆ. ಆ ಒಂದು ಮಾತನ್ನು ಸಾಹೇಬರಿಂದ ಚೆನ್ನಾಗಿ ಟ್ರೇಸ್ ಮಾಡಿಕೊಂಡಿದ್ದೆ.

ಇಷ್ಟು ತಿಳಿದ ಮನುಷ್ಯ ಈ ಕೆಲಸವನ್ನು ಯಾಕೆ ಹಿಡಿದ? ಕೂಲಿಗಲ್ಲ. ಹೆಂಡತಿಗಾಗಿ. ಅವನ ಹೆಂಡತಿ ಹುಚ್ಚವ್ವ ಇಪ್ಪತ್ತು ವರ್ಷಗಳಿಂದ ಬೇಸಗೆಯಲ್ಲಿ ಇದೇ ಮಡ್ಡಿಯ ಮೇಲೆ ಅರವಟ್ಟಿಗೆ ಇಡುತ್ತಿದ್ದಳು. ಜಾಲಿಕಂಟಿಗೆ ಹಳೆಯ ಸೀರೆ ಕಟ್ಟಿ, ಅದರ ನೆರಳಲ್ಲಿ ಮೂರು ಹರವಿ ನೀರು ಇಟ್ಟುಕೊಂಡು, ಹೋಗಿಬರುವ ಕುರಿಗಾರರಿಗೆ, ಸಂತೆಯವರಿಗೆ, ಬಸುರಿ ಬಾಣಂತಿಯರಿಗೆ ತಂಬಿಗೆ ತುಂಬಿ ಕೊಡುವುದು. ಮೈಲು ದೂರದ ಸಿದ್ದರಾಯನ ಹೊಲದ ಬಾವಿಯಿಂದ ನೀರು ತರಬೇಕು. ಹಿಂದಿನ ಬೇಸಗೆಯಲ್ಲಿ ಬಿಸಿಲು ಬಡಿದು ಹರವಿಯ ಪಕ್ಕದಲ್ಲೇ ಬಿದ್ದಿದ್ದಳು. ದಾರಿಹೋಕರು ಅವಳದೇ ಹರವಿಯ ನೀರನ್ನು ಅವಳ ತಲೆಗೆ ಸುರಿದು ಬದುಕಿಸಿದರು. ಇನ್ನು ಸಾಕು ಎಂದು ಗಂಡ ಹೇಳಿದರೆ ಕೇಳಲಿಲ್ಲ. "ಹರವಿ ಅಲ್ಲಿ, ನಾ ಮನ್ಯಾಗೇನು? ಅದ್ಹೆಂಗ ಆಗ್ತೈತಿ?"

"ಸರಕಾರದವರು ನಡಿಯವರಿಗೆ ನೆಳ್ಳು ಮಾಡ್ತಾರಂತ ಕೇಳಿದೆ" ಎಂದ ಮಲಕಾಜಪ್ಪ. "ಅದರಾಗ ಒಂದ ಮೂಲ್ಯಾಗ ಇಕಿ ಕುಂದರ್ಲಿ ಅಂತ ಬಂದೀನ್ರಿ. ಇನ್ನೊಂದ ಬ್ಯಾಸಗಿ ಬಿಸಲಾಗ ಕುಂತ್ಲು ಅಂದ್ರ ಇಕಿ ಉಳಿಯೂದಿಲ್ಲ."

ಕರಾರಿನ ಹದಿನಾಲ್ಕನೆಯ ಕಲಮಿನ ಪ್ರಕಾರ ಸಿಮೆಂಟು, ಸಾಮಾನು ಇಡಲು ಒಂದು ತಾತ್ಕಾಲಿಕ ಗುಡಿಸಲು ಕಟ್ಟಿಕೊಳ್ಳಬಹುದು, ಕೆಲಸ ಮುಗಿದ ಮೇಲೆ ಅದನ್ನು ಕೆಡವಬೇಕು. ನಕ್ಷೆಯ ಕಟ್ಟಡದಲ್ಲಿ ಬಾಯಿ ಹಾಕುವಂತಿಲ್ಲ ಎಂದು ತಿಳಿದ ಮೇಲೆ ಮಲಕಾಜಪ್ಪ ತನ್ನ ಬುದ್ಧಿಯನ್ನೆಲ್ಲ ಆ ಗುಡಿಸಲಿಗೆ ಹಾಕಿದ. ಮಡ್ಡಿಯ ಇಳಿಜಾರಿಗೆ ಬೆನ್ನು ಕೊಟ್ಟು ಅರ್ಧ ನೆಲದೊಳಗೆ ಇಳಿಸಿದ. ಅಲ್ಲಿಯದೇ ಕಲ್ಲು. ನಿಡೋಣಿಯಲ್ಲಿ ಬಿದ್ದ ಮನೆಯ ಹಳೆಯ ತೊಲೆ. ತೊಲೆಯ ಮೇಲೆ ತೊಗರಿಕಟ್ಟಿಗೆ, ಅದರ ಮೇಲೆ ಬೇವಿನ ತಪ್ಪಲು, ಅದರ ಮೇಲೆ ನೀರು ಹಿಡಿಯದ ಬಿಳಿಯ ಹಾಳುಮಣ್ಣು. ಬಾಗಿಲು ಮೂಡಣಕ್ಕೆ, ಪಡುವಣಕ್ಕೆ ಗಟ್ಟಿ ಗೋಡೆ. ಬಿಸಿಗಾಳಿ ಮೇಲೆದ್ದು ಹೋಗಲು ಮಾಳಿಗೆಯಲ್ಲೊಂದು ಬೆಳಕಿಂಡಿ.

"ಮಲಕೋರಿ ರಾಯರ" ಎಂದ ಒಂದು ದಿನ.

"ಯಾಕ?"

"ಮಲಗವರು ಯಾರಂತ ನಿಮಗ ಗೊತ್ತಿಲ್ಲ. ಇದ್ದವರು ನೀವೊಬ್ಬರ."

ಬಿಜಾಪುರದ ಕಚೇರಿಯ ಪ್ರತಿನಿಧಿಯಾಗಿ ನಾನು ಮಡ್ಡಿಯ ಮಣ್ಣಿನಲ್ಲಿ ಅಂಗಾತ ಮಲಗಿದೆ. ಅವನು ಅಗಲಕ್ಕೆ ಗೀರು ಎಳೆದ, ಉದ್ದಕ್ಕೆ ನನ್ನಂಥ ಹತ್ತು ಜನರ ಜಾಗ ಬಿಟ್ಟ. ಆಮೇಲೆ ಬಾಗಿಲ ಪಕ್ಕದಲ್ಲಿ ಹುಚ್ಚವ್ವನನ್ನು ಕೂರಿಸಿ ಅವಳ ಸುತ್ತ ಅರ್ಧ ಗೀರು, ಮೂರು ಹರವಿಗೆ ಮೂರು ಗುಂಡು ಗೀರು ಎಳೆದ. ಹುಚ್ಚವ್ವ ನಕ್ಕು, "ಈ ತಮ್ಮ ಬಾಳ ಗಿಡ್ಡ ಅದಾನಲ್ಲೋ. ಉದ್ದನವರು ಬಂದ್ರ?" ಎಂದಳು.

"ಉದ್ದನವರು ಕಾಲ ಮಡಚತಾರ" ಎಂದ ಮಲಕಾಜಪ್ಪ.

ಯುಗಾದಿಯ ಹೊತ್ತಿಗೆ ತಗಡಿನ ತಂಗುದಾಣ ಎದ್ದು ನಿಂತು ದೂರದವರೆಗೂ ಮಿಂಚಿತು. ಉದ್ಘಾಟನೆ ಎಂಬಂತೆ ಹುಚ್ಚವ್ವ ಮೊದಲ ದಿನ ತನ್ನ ಹರವಿಗಳನ್ನು ಅದರೊಳಗೇ ಇಟ್ಟಳು. ಮಧ್ಯಾಹ್ನ ಬಂದ ಒಬ್ಬ ಕುರಿಗಾರ ತಂಬಿಗೆಗೆ ಬಾಯಿ ಹಚ್ಚಿ, ತೆಗೆದು, "ಯವ್ವಾ, ಕಾಸಿದ್ದೇನೋ ಕಾಸೀಬೇ, ಚಾಪುಡಿ ಮರತಿ" ಎಂದ. ನಾನು ಒಳಗೆ ಕೂತು ಬುತ್ತಿ ಬಿಚ್ಚಿದೆ. ಎರಡನೆಯ ತುತ್ತಿಗೆ ಬುತ್ತಿ ಎತ್ತಿಕೊಂಡು ಹೊರಗೆ ಓಡಿದೆ. ಮಲಕಾಜಪ್ಪ ಚಿಮಣಿಯನ್ನು ನೋಡುತ್ತ ನಿಂತಿದ್ದ. "ಒಲಿ ಬ್ಯಾರೆ ಯಾಕ ಮಾಡಿಸಿದ್ರಿ ರಾಯರ? ಮನಿನ ಒಲಿ ಆಗೈತಲ್ಲ." ಅಂದೇ ಸಂಜೆ ಹರವಿಗಳು ಗುಡಿಸಲಿಗೆ ಹೋದವು. ಹುಚ್ಚವ್ವ ತನ್ನ ಅರ್ಧ ಗೀರಿನೊಳಗೆ ಕೂತಳು. ನೀರು ತಣ್ಣಗಿತ್ತು, ಅವಳ ಮುಖವೂ ತಣ್ಣಗಿತ್ತು.

ಏಪ್ರಿಲ್ ಕೊನೆಗೆ ಮಂಡಳಿಯ ಸಾಹೇಬರು ಪಾದಚಾರಿಗಳ ಮೊದಲ ತಂಡದೊಂದಿಗೆ ಬರುತ್ತಾರೆಂದು ಕಾಗದ ಬಂತು. ರಾಮಚಂದ್ರ ಸಾಹೇಬರು ನನ್ನನ್ನು ಕರೆದರು. "ಪ್ರಲ್ಹಾದ, ಹದಿನಾಲ್ಕನೇ ಕಲಮು. ಆ ಗುಡಸಲಾ ಕೆಡವಿಸು. ಕೆಡವಿದ್ದು ಅಂತ ನೀ ಬರಕೊಟ್ಟ ಮರುದಿನಾ ನಿನ್ನ ಖಾಯಂ ಕಾಗದಾ ಹೋಗ್ತದ."

ಹೇಳಲು ಹೋದೆ. ಮಲಕಾಜಪ್ಪ ಬೇಡಿಕೊಳ್ಳಲಿಲ್ಲ, ಸಿಟ್ಟಾಗಲೂ ಇಲ್ಲ. ಅದೇ ನನಗೆ ಕಷ್ಟವಾಯಿತು. "ಕರಾರಿನ್ಯಾಗ ಬರದಾರಂದ್ರ ಕೆಡವಬೇಕಲ್ರಿ" ಎಂದು ಗುದ್ದಲಿ ಹುಡುಕಿದ. ಆದರೆ ಹುಚ್ಚವ್ವ ಕೂತ ಜಾಗದಿಂದ ಏಳಲಿಲ್ಲ.

"ಹರವಿ ತುಂಬ್ಯಾವು" ಎಂದಳು.

"ಅಂದ್ರ?"

"ಅರವಟಿಗಿ ಹರವಿ ತುಂಬಿದ ಮ್ಯಾಲ ಹೊತ್ತು ಮುಣಗೂತನಕ ಎತ್ತಂಗಿಲ್ಲ ಯಪ್ಪಾ. ನೀರು ಕೇಳಿಕೊಂಡ ಬಂದವರು ಬರೇ ಜಾಗಾ ನೋಡಿ ಹೋಗಬಾರದು. ನಮ್ಮತ್ತಿನೂ ಎತ್ತಿಲ್ಲ, ನಾನೂ ಎತ್ತಿಲ್ಲ. ನಾಳೆ ತುಂಬೂದರಾಗ ಬಾ."

ಮರುದಿನ ಮೊದಲ ಬಸ್ಸಿಗೆ ಹೋದೆ. ದಾರಿ ಕವಲೊಡೆಯುವ ಫಾಟಾದಲ್ಲಿ ಇಳಿದು ಮಡ್ಡಿ ಏರುವ ಹೊತ್ತಿಗೆ ಹರವಿ ತುಂಬಿದ್ದವು. ಅದರ ಮರುದಿನವೂ ತುಂಬಿದ್ದವು. ಮುದುಕಿ ಯಾವ ಕೋಳಿಗಿಂತ ಮೊದಲು ಏಳುತ್ತಿದ್ದಳೋ ನಾನರಿಯೆ. ಹೊತ್ತು ಮುಳುಗುವವರೆಗೆ ಕಾಯಬಹುದಿತ್ತು. ಆದರೆ ಬಿಜಾಪುರಕ್ಕೆ ಕೊನೆಯ ಬಸ್ಸು ಹೊರಡುತ್ತಿದ್ದುದು ಹೊತ್ತು ಮುಳುಗುವುದಕ್ಕೆ ಅರ್ಧ ತಾಸು ಮೊದಲು. ಸಾರಿಗೆ ವ್ಯವಸ್ಥೆಯೂ ಹುಚ್ಚವ್ವನ ಪಕ್ಷ ಸೇರಿತ್ತು. ನಿಜ ಹೇಳಬೇಕೆಂದರೆ ಆ ಬಸ್ಸನ್ನು ನಾನು ಯಾವತ್ತೂ ಅಷ್ಟು ಪ್ರೀತಿಯಿಂದ ಹಿಡಿದಿರಲಿಲ್ಲ. ಕಚೇರಿಯ ವಹಿಯಲ್ಲಿ ನಾಲ್ಕು ದಿನವೂ "ಕೆಡವುವ ಕೆಲಸ ಪ್ರಗತಿಯಲ್ಲಿದೆ" ಎಂದು ಬರೆದೆ. ನನ್ನ ಖಾಯಂ ಆಗುವ ಆಸೆ ಮೂರು ಹರವಿ ನೀರಿನಲ್ಲಿ ಮುಳುಗುತ್ತ ಏಳುತ್ತ ಇತ್ತು.

ಐದನೆಯ ದಿನ ತಂಡ ಬಂದೇಬಿಟ್ಟಿತು. ತಿಕೋಟಾದಲ್ಲಿ ಹಾರ, ಭಾಷಣ ಮುಗಿಯುವ ಹೊತ್ತಿಗೆ ಹತ್ತು ಗಂಟೆ ದಾಟಿತ್ತು. ಆಮೇಲೆ ನಡೆಯಲು ಹತ್ತಿದ್ದರು. ದಾರಿಯಲ್ಲಿ ಕಂಡವರೆಲ್ಲ, "ಬಸ್ ತಪ್ಪಿತೇನ್ರಿ?" ಎಂದು ಮರುಗಿದ್ದರಂತೆ. ಒಬ್ಬ ರೈತ ಬಂಡಿ ನಿಲ್ಲಿಸಿ ಹತ್ತಿಸಿಕೊಳ್ಳುವೆನೆಂದು ಹಟ ಹಿಡಿದು, ಒಪ್ಪದ್ದಕ್ಕೆ ಬೈದು ಹೋದನಂತೆ. ನಡುಮಧ್ಯಾಹ್ನದಲ್ಲಿ ಒಂಬತ್ತು ಹುಡುಗರು ಮತ್ತು ಮಂಡಳಿಯ ಸಾಹೇಬರು ಕೆಂಪುಮೆಣಸಿನಕಾಯಿಯ ಬಣ್ಣದ ಮುಖ ಹೊತ್ತು ಮಡ್ಡಿ ಏರಿದರು.

ನಾವು, ಅಂದರೆ ರಾಮಚಂದ್ರ ಸಾಹೇಬರು ಮತ್ತು ನಾನು, ತಗಡಿನ ಕಟ್ಟಡದ ಮುಂದೆ ಹಾರ ಹಿಡಿದು ಬೇಯುತ್ತ ನಿಂತಿದ್ದೆವು. ಬಂದವರು ನಮ್ಮ ಕಡೆ ನೋಡಲೂ ಇಲ್ಲ. ಹುಚ್ಚವ್ವ ಗುಡಿಸಲ ಬಾಗಿಲಲ್ಲಿ ತಂಬಿಗೆ ಎತ್ತಿ ಹಿಡಿದಿದ್ದಳು. ಇಡೀ ತಂಡ ಕುರಿಗಳ ಹಾಗೆ ಒಬ್ಬರ ಹಿಂದೆ ಒಬ್ಬರು ಅದರೊಳಗೆ ಹೊಕ್ಕಿತು. ಹಾರದ ಸಮೇತ ನಾವೂ ಹಿಂದೆ ಓಡಿದೆವು.

ಮಂಡಳಿಯ ಸಾಹೇಬರು ಮೂರು ತಂಬಿಗೆ ನೀರು ಕುಡಿದು, ಗೋಡೆಗೆ ಒರಗಿ, ಬೆಳಕಿಂಡಿ ನೋಡಿದರು. "ಎಷ್ಟು ತಂಪಾಗಿದೆ ನೋಡಿ! ನೆಲದಿಂದಲೇ ಎದ್ದುಬಂದ ಹಾಗಿದೆ. ನಾವು ಕೇಳಿದ್ದು ಇದನ್ನೇ. ರಾಮಚಂದ್ರ ಅವರೇ, ನಮ್ಮ ನಕ್ಷೆಯನ್ನು ಸರಿಯಾಗಿ ಅನುಸರಿಸಿದ್ದೀರಿ ತಾನೆ?"

"ಗೀರಿಗೆ ಗೀರು, ಸರ್" ಎಂದರು ನಮ್ಮ ಸಾಹೇಬರು.

ಒಬ್ಬ ಹುಡುಗ ಮಲಗಿದ್ದಲ್ಲೇ ಕೇಳಿದ. "ಕಟ್ಟಿದ್ದು ಯಾರು?"

"ಇವರು ಮಲಗಿದ್ರು, ನಾ ಸುತ್ತ ಕಟ್ಟಿದೆ" ಎಂದು ಮಲಕಾಜಪ್ಪ ನನ್ನನ್ನು ತೋರಿಸಿದ. ಹುಡುಗರು ನಕ್ಕರು. ಅದು ತಮಾಷೆಯಲ್ಲ, ಪೂರಾ ವರದಿ ಎಂದು ಅವರಿಗೆ ತಿಳಿಯಲಿಲ್ಲ. ಎತ್ತರದ ಹುಡುಗನೊಬ್ಬನ ಕಾಲು ಮಾತ್ರ ಬಾಗಿಲ ಹೊರಗೆ ಬಿಸಿಲು ಕಾಯುತ್ತಿತ್ತು.

ಅಷ್ಟರಲ್ಲಿ ಮಂಡಳಿಯ ಸಾಹೇಬರ ಕಣ್ಣು ಬಾಗಿಲಾಚೆ ಮಿಂಚುತ್ತಿದ್ದ ತಗಡಿನ ಮೇಲೆ ಬಿತ್ತು. "ಅದೇನು? ಸಿಮೆಂಟ್ ಇಡೋ ಶೆಡ್ಡಾ? ಹದಿನಾಲ್ಕನೇ ಕಲಮು ಓದಿಲ್ಲವೇನ್ರೀ? ಇನ್ನೂ ಯಾಕೆ ಕೆಡವಿಲ್ಲ?"

ರಾಮಚಂದ್ರ ಸಾಹೇಬರು ನನ್ನನ್ನು ನೋಡಿದರು. ನಾನು ಮಲಕಾಜಪ್ಪನನ್ನು ನೋಡಿದೆ. ಅವನು ಮಾಳಿಗೆ ಸೋರುತ್ತಿದೆಯೋ ಎಂಬಂತೆ ಮುಖ ಮೇಲೆ ಮಾಡಿ ನಿಂತ.

"ಚಿಮಣಿ ಬೇರೆ ಇಟ್ಟಿದ್ದೀರಿ!"

"ಅದು ಕೂಲಿಯವರ ಅಡಿಗಿಗೆ, ಸರ್" ಎಂದೆ ನಾನು. ನನ್ನ ನೌಕರಿಯ ಎರಡನೆಯ ಸ್ವತಂತ್ರ ವಿಚಾರ.

"ವಾರದೊಳಗೆ ತೆಗೀರಿ. ಇಷ್ಟು ಒಳ್ಳೆ ಕಟ್ಟಡದ ಮುಂದೆ ಅದೊಂದು ಅಸಹ್ಯ."

"ತಗಸ್ತೀವಿ ಸರ್" ಎಂದರು ರಾಮಚಂದ್ರ ಸಾಹೇಬರು. ಅವರ ದನಿಯಲ್ಲಿ ನೋವಿತ್ತೋ ಬಿಡುಗಡೆಯಿತ್ತೋ ಹೇಳಲಾರೆ. ನಕ್ಷೆಗೆ ಸಹಿ ಮಾಡಿದವರು ಅವರು.

ತಗಡಿನ ಕಟ್ಟಡ ವಾರದಲ್ಲಿ ನೆಲಕ್ಕೆ ಬಂತು. ತಾತ್ಕಾಲಿಕ ಕಟ್ಟಡ ಕೆಡವಿದ್ದಾಗಿದೆ ಎಂದು ನಾನು ಬರೆದುಕೊಟ್ಟೆ. ಅದು ಸುಳ್ಳೂ ಆಗಿರಲಿಲ್ಲ, ನಾನಂತೂ ಅಷ್ಟು ತಾತ್ಕಾಲಿಕವಾದದ್ದನ್ನು ಬೇರೆ ಕಂಡಿಲ್ಲ. ಚಿಮಣಿಯ ಕಲ್ಲು ಹರವಿಗಳಿಗೆ ಕಟ್ಟೆಯಾಯಿತು. ತಗಡುಗಳು ಬಿಜಾಪುರಕ್ಕೆ ಬಂದು ನಮ್ಮ ಕಚೇರಿಯ ಸೈಕಲ್ ಸ್ಟ್ಯಾಂಡಿನ ಮೇಲೆ ಕೂತವು. ಅಂದಿನಿಂದ ಮಧ್ಯಾಹ್ನ ಮೂರಕ್ಕೆ ಮನೆಗೆ ಜಾರುವ ಗುಮಾಸ್ತರು ಸೀಟಿನ ಮೇಲೆ ಕೂರಲಾಗದೆ ಸಂಜೆಯವರೆಗೆ ಕೆಲಸ ಮಾಡತೊಡಗಿದ್ದಾರೆ. ನನ್ನ ಖಾಯಂ ಆದೇಶವೂ ಬಂತು. ಕಾಶೀಬಾಯಿಗೆ ಮಾತ್ರ ಬೇಸರ, ಗಿರಣಿಗೆ ಹೋಗುವವರು ಇಲ್ಲದಾಯಿತು.

ಒಂದು ಕೆಲಸ ಉಳಿದಿತ್ತು. ಕಟ್ಟಿದ್ದಕ್ಕೂ ನಕ್ಷೆಗೂ ಹೊಂದಬೇಕಲ್ಲ. ನಾನು ಟೇಪು ಹಿಡಿದು ಗುಡಿಸಲನ್ನು ಅಳೆದು ಹೊಸ ನಕ್ಷೆ ಎಳೆದೆ. ಒಳಗಿನ ಅಗಲ, ನಾನು ಮತ್ತು ಎರಡು ಗೇಣು. ಬಾಗಿಲ ಬಳಿ ಮೂರು ಗುಂಡು, ಒಂದು ಅರ್ಧ ಗೀರು. "ವಿನ್ಯಾಸ" ಎಂಬ ಜಾಗದಲ್ಲಿ ಮಲಕಾಜಪ್ಪ ಎಂದು ಬರೆದೆ. ರಾಮಚಂದ್ರ ಸಾಹೇಬರು, "ಅಲ್ಲಿ ಹುದ್ದೆ ಬರೀಬೇಕೋ. ಅಂವಗ ಹುದ್ದೆ ಎಲ್ಲದ?" ಎಂದು ರಬ್ಬರು ಹಾಕಿದರು. ಮಲಕಾಜಪ್ಪನಿಗೆ ಹೇಳಿದೆ. "ಹೆಸರ ಹಾಕಿದ್ರ ಸೋರಿದ ದಿನಾ ಹುಡಕ್ಕೊಂಡ ಬರ್ತಾರ. ಬ್ಯಾಡ ಬಿಡ್ರಿ" ಎಂದ. ಮಳೆಗಾಲದ ಮೊದಲ ದಿನ ಗುಡಿಸಲಲ್ಲಿ ಮುಖ ಮೇಲೆ ಮಾಡಿ ಅರ್ಧ ತಾಸು ನಿಂತಿದ್ದನೆಂದು ಹುಚ್ಚವ್ವ ಹೇಳಿದಳು.

ಆ ನಕ್ಷೆ ಮಂಡಳಿಗೆ ಬಹಳ ಹಿಡಿಸಿತು. ಅದನ್ನೇ ಮಾದರಿಯೆಂದು ಎಲ್ಲ ಕಡೆಗೂ ಕಳಿಸಿದರು. ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ನನ್ನ ಮೇಜಿಗೆ ಒಂದು ಕಾಗದ ಬಂತು. ಚಳಿಗುಡ್ಡದ ನಾಡಿನ ಯಾವುದೋ ಕಚೇರಿಯ ಟ್ರೇಸರ್ ಬರೆದದ್ದು. ನಕ್ಷೆಯಂತೆ ಕಟ್ಟಿದ್ದೇವೆ. ಸಪಾಟು ಮಾಳಿಗೆಯ ಮೇಲೆ ಎದೆಮಟ್ಟ ಹಿಮ ಕೂತಿದೆ. ತಂಗಿದವರ ಕಾಲು ಹೊರಗೆ ಬಂದು ಮರಗಟ್ಟುತ್ತಿವೆ. ಅದಿರಲಿ, ಬಾಗಿಲ ಬಳಿಯ ಮೂರು ಗುಂಡು ಮತ್ತು ಅರ್ಧ ಗೀರು ಏನೆಂದು ದಯವಿಟ್ಟು ತಿಳಿಸಿ, ಅವನ್ನೂ ಕಟ್ಟಿದ್ದೇವೆ. ಓದುತ್ತ ಓದುತ್ತ ಒಡಹುಟ್ಟಿದವನು ಸಿಕ್ಕ ಹಾಗಾಯಿತು.

ಕಾಗದ ತೆಗೆದುಕೊಂಡು ನಿಡೋಣಿಯ ಅವರ ಮನೆಗೆ ಹೋದೆ. ಮಲಕಾಜಪ್ಪ ಪೂರಾ ಕೇಳಿಸಿಕೊಂಡು, "ಅಷ್ಟ ನೀರು ಗಟ್ಟಿಯಾಗಿ ಮ್ಯಾಲ ಕುಂದರ್ತೈತಂದ್ರ ಇಳಿಜಾರ ತಗಡು ಬೇಕಲ್ರಿ ಅವರಿಗೆ. ಒಲಿನೂ ಬೇಕು. ನಿಮ್ಮ ಹಳೀ ನಕ್ಷಾ ಕಳಸ್ರಿ" ಎಂದ.

"ಅದು ಅಲ್ಲಿಂದನ ಬಂದಿತ್ತು ಮಲಕಾಜಪ್ಪ."

"ಅವರದ್ದು ಅವರ ಹಂತ್ಯಾಕ ಇರಲಾರದ ಇಲ್ಲಿಗ್ಯಾಕ ಬಂತ್ರಿ?"

ನಾನು ಹುಚ್ಚವ್ವನ ಕಡೆ ತಿರುಗಿದೆ. ಗುಂಡು ಗೀರುಗಳ ಪ್ರಶ್ನೆ ಕೇಳಿ ಹುಚ್ಚವ್ವ ತಂಬಿಗೆ ಕೆಳಗಿಟ್ಟಳು. "ಹರವಿ ಮೂರ ಸಾಕಂತ ಬರಿ ತಮ್ಮಾ. ಆದ್ರ ಆ ಅರ್ಧಾ ಗೀರಿನ್ಯಾಗ ಒಬ್ಬಾಕಿ ಕುಂದರಬೇಕಂತ ಬರಿ. ಇಲ್ಲಾಂದ್ರ ನೀರ ತುಂಬವರು ಯಾರು? ಬರೇ ಮನಿ ಕಟ್ಟಿಟ್ರ ಯಾರ ಬರ್ತಾರ?"

ಹಾಗೆಯೇ ಬರೆದೆ, ಉಲ್ಲೇಖ ಸಂಖ್ಯೆ ಹಾಕಿ. ಮೊನ್ನೆ ಉತ್ತರ ಬಂದಿದೆ. ಸದರಿ ಸ್ತ್ರೀಯ ಹುದ್ದೆ ತಮ್ಮಲ್ಲಿ ಮಂಜೂರಾಗಿಲ್ಲ, ಮಂಜೂರಾತಿಗೆ ಬರೆಯುವ ಮುನ್ನ ಅದು ಖಾಯಂ ಹುದ್ದೆಯೋ ತಾತ್ಕಾಲಿಕವೋ ಸ್ಪಷ್ಟಪಡಿಸಬೇಕು ಎಂದು ಕೇಳಿದ್ದಾರೆ.

ಇನ್ನೂ ಜವಾಬು ಬರೆದಿಲ್ಲ. ಮುಂದಿನ ವಾರ ಯುಗಾದಿ. ಹುಚ್ಚವ್ವ ಹರವಿ ತೊಳೆಯಲು ಹತ್ತಿದ್ದಾಳಂತೆ. ಮೊದಲ ಬಸ್ಸಿಗೆ ಹೋದರೂ ಅವು ತುಂಬಿಯೇ ಇರುತ್ತವೆ. ಒಂದು ತಂಬಿಗೆ ಕುಡಿದು, ಅವಳನ್ನೇ ಕೇಳಿ ಬರೆಯುತ್ತೇನೆ.